ಕಣ್ಣುಪಟ್ಟಿ ಇಲ್ಲದ ಕುದುರೆ

ಸಂಘಮಿತ್ರ ಬರೆದ ಚಿರತೆಯನ್ನು ಕಂಡು ಕಳವಾರದ ಕುರಿ ಕಾಯುವವರು ಹೌಹಾರಿದ್ದು ಸುಳ್ಳಲ್ಲ. ಅವಳ ನವಿಲಿಗೆ ಗೌರಿಬಿದನೂರಿನ ಶಾಲೆಯೊಂದು ಇಡೀ ಕಾಂಪೌಂಡನ್ನೇ ಬಿಟ್ಟುಕೊಟ್ಟಿತ್ತು. ಗೋಡೆ, ಕ್ಯಾನ್ವಾಸು ಅಂತ ಬರೀ ಪ್ರಾಣಿಗಳನ್ನೇ ಬರೆದು ಬದುಕು ಕಟ್ಟಿಕೊಂಡ ಗಟ್ಟಿಗಿತ್ತಿ. ಆದರೆ ಹೆಸರು ತಂದದ್ದು ಕುದುರೆ. ಕಾಡಿನಲ್ಲಿ ಓಡುವ ಕುದುರೆಯಿರಲಿ, ಹೊಳೆ ದಾಟುವ ಕುದುರೆಯಿರಲಿ, ಎಲ್ಲದರ ಕಣ್ಣಿಗೂ ಚರ್ಮದ ಪಟ್ಟಿ. ಪ್ರದರ್ಶನದಲ್ಲಿ ದೊಡ್ಡವರೊಬ್ಬರು ಅದರ ಮುಂದೆ ನಿಂತು ಗುಲಾಮಗಿರಿ, ಬಂಧನ ಅಂತ ಅರ್ಧ ಗಂಟೆ ಕೊರೆದರು. ಇವಳು ತಲೆಯಾಡಿಸಿದಳು. ಪಾಪ, ಇನ್ನೇನು ಮಾಡಿಯಾಳು?

ನಿಜ ಇಷ್ಟೇ. ಶಿಡ್ಲಘಟ್ಟದಲ್ಲಿ ಹುಟ್ಟಿದವಳಿಗೆ ಕುದುರೆ ಅಂದರೆ ರೇಷ್ಮೆಗೂಡಿನ ಚೀಲ ಎಳೆಯುವ ಜಟಕಾ ಕುದುರೆ. ಅಕ್ಕಪಕ್ಕದ ಬಸ್ಸು ಲಾರಿ ಕಂಡು ಬೆದರದಿರಲಿ ಅಂತ ಅದಕ್ಕೆ ಕಣ್ಣುಪಟ್ಟಿ. ಪಟ್ಟಿಯೂ ಸೇರಿಯೇ ಕುದುರೆ ಅಂದುಕೊಂಡು ಚಿಕ್ಕಂದಿನಲ್ಲಿ ಬರೆದಳು. ದೊಡ್ಡವಳಾದ ಮೇಲೆ ಕುದುರೆಯ ಕಣ್ಣು ಬರೆಯಹೋದರೆ ಕೈ ಓಡಲಿಲ್ಲ. ಪಟ್ಟಿ ಹಾಕಿ ಮುಚ್ಚಿದರೆ ಕೆಲಸ ಸಲೀಸು.

ಈಗ ಅದೇ ಊರಿನ ಪಶು ಆಸ್ಪತ್ರೆಯ ಗೋಡೆಗೆ ಬರೆಯುವ ಕೆಲಸ ಬಂತು. ಡಾಕ್ಟರ್ ಭಾನುಪ್ರಿಯಾ ಮೊದಲೇ ಹೇಳಿಬಿಟ್ಟರು: "ಪಟ್ಟಿ ಬೇಡ ಮೇಡಂ. ಇಲ್ಲಿಗೆ ಬರೋವೆಲ್ಲ ನೋವಲ್ಲಿ ಬರ್ತವೆ. ಆರಾಮಾಗಿ ನೋಡ್ತಿರೋ ಕುದುರೆ ಬರ್ಕೊಡಿ."

ಮೈಯೆಲ್ಲ ಮುಗಿಯಿತು. ಕಣ್ಣನ್ನು ಫೋನಿನ ಫೋಟೊ ನೋಡಿಕೊಂಡು ಬರೆದಳು. ಊಟದ ಡಬ್ಬಿ ತಂದ ಅಮ್ಮ ಗಲ್ಲಕ್ಕೆ ಕೈಯಿಟ್ಟಳು.

"ಅಯ್ಯೋ, ನಮ್ಮ ಮೇಕೆ ನೋಡ್ದಂಗೆ ನೋಡ್ತದಲ್ಲೇ!"

ಸಂಘಮಿತ್ರಳಿಗೆ ಅಳುವೇ ಬಂತು. ಇಷ್ಟು ವರ್ಷ ಎಲ್ಲರನ್ನೂ ಏಮಾರಿಸಿದೆನಲ್ಲ, ಈ ಗೋಡೆ ನನ್ನ ಬಂಡವಾಳ ಬಯಲು ಮಾಡುತ್ತದೆ ಎಂದು ಭಯವಾಯಿತು. ಆ ಕಣ್ಣಿಗೆ ಸುಣ್ಣ ಬಳಿದು, ಇನ್ನೂ ಜಟಕಾ ಹೊಡೆಯುತ್ತಿದ್ದ ಮುನಿಶಾಮಿಯ ಲಾಯಕ್ಕೆ, ಅವನ ಕುದುರೆ ರಂಗಿಯನ್ನು ನೋಡಲು ಹೋದಳು.

"ಪಟ್ಟಿ ಬಿಚ್ಚಿ ರಂಗಿನ ತೋರ್ಸಣ್ಣ."

"ಲಾಯದಲ್ಲಿ ಎಷ್ಟೊತ್ತಾದ್ರೂ ನೋಡಮ್ಮ. ರೋಡಲ್ಲಿ ಮಾತ್ರ ಬಿಚ್ಚು ಅನ್ಬೇಡ. ಒಂದ್ಸಲ ಬಿಚ್ಚಿದ್ದಕ್ಕೆ ಲಾರಿ ಕಂಡು ಗಾಡಿನೇ ಮಗುಚಾಕಿದ್ಲು ಮಹಾತಾಯಿ. ನನ್ನ ಕಾಲು ಇವತ್ತಿಗೂ ಸೊಟ್ಟ."

ಸಂಘಮಿತ್ರ ಹುಲ್ಲಿನ ಮೇಲೆ ಕೂತಳು. ರಂಗಿ ಮೊದಲು ಕಿವಿ ಹಿಂದಕ್ಕೆ ಮಾಡಿ ಬುಸುಗುಟ್ಟಿದಳು. ಆಮೇಲೆ ಮೇವು ಮೆಲ್ಲುತ್ತಾ ಇವಳತ್ತ ತಿರುಗಿದಳು. ಕಪ್ಪಲ್ಲ ಆ ಕಣ್ಣು, ಬೆಲ್ಲದ ಪಾಕದ ಬಣ್ಣ. ಪಕ್ಕದಲ್ಲಿ ಪಟ್ಟಿ ಉಜ್ಜಿ ಕೂದಲುದುರಿದ ಗುರುತು. ಸಂಘಮಿತ್ರ ಪೆನ್ಸಿಲ್ಲನ್ನೇ ಮರೆತಳು. ದಿನಾ ಎದುರಾಗುತ್ತಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ವಾರವೆಲ್ಲ ಬಂದು ಅಲ್ಲೇ ಕೂತಳು.

ಗೋಡೆ ಮುಗಿದ ದಿನ ಮುನಿಶಾಮಿ ಮಾರ್ಕೆಟ್ಟಿನಲ್ಲಿ ಗೂಡು ಇಳಿಸಿ ಆ ಕಡೆ ಬಂದ. ನೋಡಿದವನೇ ಲಗಾಮು ಜಗ್ಗಿದ. ಕೂದಲುದುರಿದ ಗುರುತನ್ನೂ ಅವಳು ಬಿಟ್ಟಿರಲಿಲ್ಲ.

"ನಮ್ಮ ರಂಗಿ ಕಣಮ್ಮಾ ಇದು!" ಅಂದ.

ರಂಗಿ ಮಾತ್ರ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದಳು. ಗೋಡೆಯಿದ್ದದ್ದು ಪಕ್ಕಕ್ಕೆ. ಪಟ್ಟಿ ಅಡ್ಡ ಬಂದು ಅವಳಿಗೆ ಕಾಣುವಂತಿರಲಿಲ್ಲ. ಮುನಿಶಾಮಿ ಹಿಂದೆ ಮುಂದೆ ನೋಡಿ, ಸೊಟ್ಟ ಕಾಲೂರಿ ಇಳಿದು ಪಟ್ಟಿಗೆ ಕೈಹಾಕಿದ. ಸಂಘಮಿತ್ರ ಓಡಿ ಬಂದಳು.

"ಅಣ್ಣಾ, ರೋಡು!"

"ಇರ್ಲಿ ಬಿಡಮ್ಮ. ಅವ್ಳೂ ನೋಡ್ಲಿ."

ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ರಂಗಿಯ ಕಾಲು ನಡುಗಿತು, ಆದರೆ ಓಡಲಿಲ್ಲ. ಕತ್ತು ತಿರುಗಿಸಿದಳು, ಗೋಡೆಯನ್ನು ಮೂಸಿ ಮೂಗಿಗೆಲ್ಲ ಹಸಿ ಬಣ್ಣ ಮೆತ್ತಿಕೊಂಡಳು, ಮತ್ತೆ ತಲೆಯೆತ್ತಿ ಆ ಕಣ್ಣನ್ನು ನೋಡುತ್ತಾ ನಿಂತಳು.