ಬಾಯಾಡಿಸುವ ಎಂಟು ಮಂದಿ

“ಕೊನೇ ಸಾಲಿನ ಎಂಟೂ ಜನ ಬಾಯಿ ಮಾತ್ರ ಆಡಿಸಿ. ದನಿ ಹೊರಗೆ ಬಂತೋ, ನೋಡಿ ಮತ್ತೆ!” ಎಂದು ಸಂಗೀತದ ಟೀಚರು ಕೀಬೋರ್ಡಿನ ಮೇಲೆ ಕೈಯಿಟ್ಟರು.

ಶನಿವಾರ ಶಾಲೆಯ ಕಾರ್ಯಕ್ರಮ. ಶ್ರುತಿ ತಪ್ಪುವವರನ್ನು ಹಿಂದೆ ನಿಲ್ಲಿಸಿ ಬರೀ ತುಟಿ ಅಲ್ಲಾಡಿಸಲು ಹೇಳುವುದು ಟೀಚರು ಆರು ವರ್ಷದಿಂದ ನಡೆಸಿಕೊಂಡು ಬಂದ ಉಪಾಯ. ನೋಡುವವರಿಗೆ ನಲವತ್ತು ಮಕ್ಕಳು, ಕೇಳುವವರಿಗೆ ಮೂವತ್ತೆರಡು. ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದೇ ಅವರು ನಂಬಿದ್ದರು.

ಕೊನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ದಪ್ಪ ದನಿಯ ಹುಡುಗಿ. ತರಗತಿಗೆಲ್ಲ ಅವಳು ಗೊಗ್ಗರಿ.

“ಟೀಚರ್, ಶನಿವಾರ ನಮ್ಮಜ್ಜಿ ಬರ್ತಾರೆ.”

“ಬರ್ಲಿ ಬಿಡಮ್ಮ, ಒಳ್ಳೇದೇ ಆಯ್ತು.”

“ಅವರಿಗೆ ಕಣ್ಣು ಕಾಣಲ್ಲ ಟೀಚರ್. ನಾನು ಬಾಯಿ ಆಡಿಸಿದ್ರೆ ಅವರಿಗೆ ಹೇಗೆ ಗೊತ್ತಾಗತ್ತೆ?”

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಟೀಚರಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

“ಹಾಗಾದ್ರೆ ನೀನೇ ಶುರು ಮಾಡು,” ಎಂದರು. “ನಿನಗೆ ಎಲ್ಲಿಂದ ಸಲೀಸೋ ಅಲ್ಲಿಂದ.”

ಗೊಗ್ಗರಿ ಕಣ್ಣು ಮುಚ್ಚಿ ಹಾಡತೊಡಗಿದಳು. ಟೀಚರ ಬೆರಳು ಆ ಸ್ವರವನ್ನು ಹುಡುಕುತ್ತ ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿದು ಐದು ಕೀ ದಾಟಿ ನಿಂತಿತು. ಅಲ್ಲಿ ಹಾಡು ಸರಿಯಾಗಿ ಕೂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎರಡನೇ ಸಾಲು ಬರುವಷ್ಟರಲ್ಲಿ ಪಕ್ಕದ ಏಳು ಜನರೂ ಸೇರಿಕೊಂಡಿದ್ದರು. ಟೀಚರಿಗೆ ಈಗ ತಿಳಿಯಿತು: ಇಷ್ಟು ವರ್ಷ ತಮ್ಮ ಗಂಟಲಿಗೆ ಒಗ್ಗುವ ಶ್ರುತಿ ಇಟ್ಟು, ಅದು ಎಟುಕದ ಮಕ್ಕಳನ್ನು ಹಿಂದಕ್ಕೆ ತಳ್ಳಿದವರು ತಾವೇ. ‘ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ’ ಎಂದುಕೊಂಡರು.

ಈಗ ಮುಂದಿನ ಸಾಲಿನವರ ತಕರಾರು. “ನಮಗೆ ಅಷ್ಟು ಕೆಳಗೆ ಬರಲ್ಲ ಟೀಚರ್!”

“ಏನ್ಮಾಡೋಣ? ನೀವೇ ಹೇಳಿ.”

ತರಗತಿ ಸಂತೆಯಾಯಿತು. ಚೀಟಿ ಎತ್ತೋಣ ಎಂದ ಒಬ್ಬ. ದಿನ ಬಿಟ್ಟು ದಿನ ಹಾಡೋಣ ಎಂದಳು ಇನ್ನೊಬ್ಬಳು, ಕಾರ್ಯಕ್ರಮ ಇರುವುದು ಒಂದೇ ದಿನ ಎಂಬುದನ್ನು ಮರೆತು. ಕೊನೆಗೆ ಗೊಗ್ಗರಿ ಮತ್ತು ಮುಂದಿನ ಸಾಲಿನ ಕೀರಲು ದನಿಯವನು ಕೂತು ಇತ್ಯರ್ಥ ಮಾಡಿದರು: ಮೊದಲ ಚರಣ ಕೆಳಗೆ, ಎರಡನೆಯದು ಮೇಲೆ, ಪಲ್ಲವಿ ಎಲ್ಲರಿಗೂ ಎಟುಕುವ ನಡುವಿನಲ್ಲಿ. ಅವರು ಹೇಳಿದ ಕೀಯನ್ನು ಒತ್ತುವುದಷ್ಟೇ ಟೀಚರ ಕೆಲಸ. ಆ ಕೆಲಸ ಅವರಿಗೆ ತುಂಬಾ ಇಷ್ಟವಾಯಿತು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಬಂದರು. “ವೇದಿಕೆ ಬೆಂಚುಗಳಲ್ಲಿ ಮೂವತ್ತೆರಡೇ ಜನ ಹಿಡಿಸೋದು. ಹೇಗೂ ಹಾಡದ ಆ ಎಂಟು ಮಕ್ಕಳನ್ನ ಬಿಟ್ಬಿಡಿ.”

ಗೊಗ್ಗರಿಯ ಮುಖ ಸಣ್ಣದಾಯಿತು.

“ಹಾಡ್ತಾರೆ ಮೇಡಂ. ಒಂದೇ ಒಂದ್ಸಲ ಕೇಳಿ,” ಎಂದರು ಟೀಚರು. ಕೀಬೋರ್ಡು ಮುಟ್ಟದೆ, ಗೊಗ್ಗರಿಯ ಕಡೆ ನೋಡಿ ತಲೆಯಾಡಿಸಿದರು.

ಕೆಳಗಿನ ದನಿಗಳು ಮೊದಲು ಬಂದವು. ಮೇಲಿನವು ತಮ್ಮ ಸರದಿಗೆ ಕಾದು ಬಂದವು. ಪಲ್ಲವಿಯಲ್ಲಿ ನಲವತ್ತೂ ಕೂಡಿದಾಗ ಟೀಚರಿಗೆ ಸಂತೋಷ ತಡೆಯಲಾಗಲಿಲ್ಲ. ಎಂದಿನಂತೆ ತಾವೂ ಜೊತೆಗೆ ಹಾಡಬೇಕೆಂಬುದೇ ಮರೆತುಹೋಯಿತು.

ಮುಖ್ಯೋಪಾಧ್ಯಾಯಿನಿ ಸಾಲುಗಳನ್ನು ಮತ್ತೊಮ್ಮೆ ಎಣಿಸಿದರು. ಆಮೇಲೆ, “ಪಕ್ಕದ ಕೋಣೇಲಿ ಇನ್ನೊಂದು ಬೆಂಚಿದೆ,” ಎಂದರು. “ಭಾರ ಇದೆ. ಎಂಟು ಜನ ಆದ್ರೂ ಬೇಕು.”

ಎಂಟೂ ಜನ ಓಡಿದರು. ಬೆಂಚು ನೆಲಕ್ಕೆ ಕಿರ್ರೆಂದು ಉಜ್ಜುತ್ತ ವರಾಂಡದುದ್ದಕ್ಕೂ ಬಂತು. ಎತ್ತಿದಾಗ ಪಲ್ಲವಿ, ಇಳಿಸಿದಾಗ ನಗು. ಅಕ್ಕಪಕ್ಕದ ತರಗತಿಗಳಿಂದ ತಲೆಗಳು ಹೊರಗೆ ಇಣುಕಿದವು. ಟೀಚರು ಬಾಗಿಲಿನ ಎರಡೂ ರೆಕ್ಕೆಗಳನ್ನು ತೆಗೆದು ಹಿಡಿದು ನಿಂತರು.