ತಿರುಗಿ ಬೈಯದವಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ಎರಡು ಸಾವಿರದ ಎರಡರಲ್ಲಿ ನಾನು ಚಳ್ಳಕೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೆ. ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನೇ ಕ್ಯಾಪ್ಟನ್. ತಂಡ ಅಂದರೆ ಒಟ್ಟು ಆರು ಜನ, ಐವರು ಆಡುವುದಕ್ಕೆ, ಒಬ್ಬಳು ನೀರಿನ ಕೊಡದ ಪಕ್ಕ ಕೂರುವುದಕ್ಕೆ. ಸಂಜೆ ಐದರ ಮೇಲೆ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸುವ ಮನೆಗಳು ಆಗ ಅಷ್ಟೇ ಇದ್ದವು.

ಉಳಿದ ಐವರ ಮೇಲೂ ನಾನು ಕೂಗಾಡುತ್ತಿದ್ದೆ. ಪಾಸ್ ತಡವಾದರೆ ಕೂಗು, ಬೇಗ ಬಂದರೂ ಕೂಗು. ಸೋಡಾ ಅಂಗಡಿಯವರ ಮಗಳು ಲಕ್ಷ್ಮೀದೇವಿ ಮಾತ್ರ ಒಂದನ್ನೂ ಬಾಕಿ ಇಟ್ಟುಕೊಳ್ಳುತ್ತಿರಲಿಲ್ಲ. ಆಟದ ನಡುವೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮೊದ್ಲು ನಿನ್ ಕೈ ನೋಡ್ಕಳೇ, ಆಮೇಲೆ ನನ್ನ ಕಾಲು ನೋಡಿವಂತೆ" ಅನ್ನುತ್ತಿದ್ದಳು. ಎದುರಿನ ತಂಡದವರು ಚೆಂಡು ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಆಟ ಮುಗಿದು ನಲ್ಲಿಯ ಹತ್ತಿರ ಹೋದರೆ ಅದೇ ಲಕ್ಷ್ಮೀದೇವಿ ನನ್ನ ಬೊಗಸೆಗೆ ಚೊಂಬಿನಿಂದ ನೀರು ಹಾಕುತ್ತಿದ್ದಳು. ನಮ್ಮ ಜಗಳಗಳೆಲ್ಲ ಆ ನಲ್ಲಿಯ ಹತ್ತಿರವೇ ಮುಗಿಯುತ್ತಿದ್ದವು.

ಸ್ವಪ್ನಳ ಜೊತೆ ಮಾತ್ರ ಜಗಳ ಆಗುತ್ತಲೇ ಇರಲಿಲ್ಲ.

ಸ್ವಪ್ನ ತಳಕಿನ ಹತ್ತಿರದ ಒಂದು ಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ. ಓಡುವ ಕುರಿಮರಿಯ ಹಿಂಗಾಲು ಹಿಡಿದು ಅಭ್ಯಾಸವಾದ ಕೈ ಅವಳದು, ಬೋರ್ಡಿಗೆ ಬಡಿದು ಬಿದ್ದ ಚೆಂಡು ಎತ್ತ ಹೋದರೂ ಅವಳ ಕೈಗೇ ಸಿಗುತ್ತಿತ್ತು. ಸಿಕ್ಕಿದ್ದನ್ನೆಲ್ಲ ಅವಳು ನನಗೆ ಕೊಡುತ್ತಿದ್ದಳು. ನಾನು ಬೈದರೆ ನಕ್ಕು, "ತಪ್ಪಾತ್ರಿ ಐಶ್ವರ್ಯಕ್ಕ" ಅನ್ನುತ್ತಿದ್ದಳು. ನಾನು ಅವಳಿಗಿಂತ ಮೂರು ತಿಂಗಳು ದೊಡ್ಡವಳು, ಅಷ್ಟೇ. ಉಳಿದವರಿಗೆಲ್ಲ ಅವಳು 'ಬಾರೇ, ಹೋಗೇ' ಅನ್ನುತ್ತಿದ್ದಳು. ಕ್ಯಾಪ್ಟನ್ ಅಂತ ನನಗೆ ಮರ್ಯಾದೆ ಕೊಡುತ್ತಾಳೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಎಂಥ ದಡ್ಡಿ ನಾನು!

ಅವಳ ತಂದೆ ಬೊಮ್ಮಣ್ಣ ಪ್ರತಿ ವರ್ಷ ಶೇಂಗಾ ಕಿತ್ತಾದ ಮೇಲೆ ತಳಕಿನ ರಸ್ತೆಯ ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಹೊಲದಲ್ಲಿ ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ, ರಾತ್ರಿ ಕುರಿಗಳನ್ನು ಅದರೊಳಗೆ ಕೂಡುವುದು. ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಊಟದ ಕಾಳು. ಮೊದಲು ಮೇಲಿನ ಹೊಲ, ಆಮೇಲೆ ಕೆಳಗಿನ ಹೊಲ. ಇದು ನಮ್ಮಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ನನ್ನ ಅಪ್ಪ ಕೊಟ್ಟೂರಪ್ಪನವರಿಗೆ ಬೊಮ್ಮಣ್ಣ 'ಸಾವ್ಕಾರ್ರೇ' ಅನ್ನುತ್ತಿದ್ದರು. ಇದಕ್ಕೂ ಬಾಸ್ಕೆಟ್‌ಬಾಲಿಗೂ ಸಂಬಂಧ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಆ ವರ್ಷ ಮೊಳಕಾಲ್ಮೂರಿನ ಕಾಲೇಜಿನ ಜೊತೆ ನಮಗೆ ಎರಡು ಪಂದ್ಯ ಇತ್ತು, ಒಂದು ನಮ್ಮಲ್ಲಿ, ಇನ್ನೊಂದು ಅವರಲ್ಲಿ. ಒಟ್ಟು ಪಾಯಿಂಟಿನಲ್ಲಿ ಮುಂದಿದ್ದವರು ಚಿತ್ರದುರ್ಗಕ್ಕೆ ಹೋಗಿ ಜಿಲ್ಲಾ ಮಟ್ಟದಲ್ಲಿ ಆಡಬೇಕು. ನನಗೆ ಚಿತ್ರದುರ್ಗ ಬೇಕೇ ಬೇಕಿತ್ತು. ಪಿಯುಸಿ ಮುಗಿದರೆ ನನ್ನ ಆಟವೂ ಮುಗಿಯಿತು ಎಂದು ಅವ್ವ ಆಗಲೇ ಹೇಳಿಯಾಗಿತ್ತು.

ಮೊದಲ ಪಂದ್ಯ ನಮ್ಮ ಮೈದಾನದಲ್ಲಿ. ಕೊನೆಯ ನಿಮಿಷ, ಒಂದು ಪಾಯಿಂಟು ಹಿಂದಿದ್ದೇವೆ. ಲಕ್ಷ್ಮೀದೇವಿ ಎಸೆದ ಚೆಂಡು ಬುಟ್ಟಿಯ ಬಳೆಗೆ ಬಡಿದು ಹಾರಿತು, ಸ್ವಪ್ನ ಹಿಡಿದಳು. ಬುಟ್ಟಿಯ ಕೆಳಗೆ ಅವಳೊಬ್ಬಳೇ. ಸುತ್ತ ಯಾರೂ ಇಲ್ಲ. ಕೈ ಎತ್ತಿ ಹಾಕಿದರೆ ಸಾಕು. ಅವಳು ಹಾಕಲಿಲ್ಲ. ತಿರುಗಿ ನನ್ನನ್ನು ಹುಡುಕಿದಳು. ನಾನು ಎಲ್ಲೋ ದೂರದಲ್ಲಿದ್ದೆ. ಅಲ್ಲಿಗೇ ಎಸೆದಳು. ನಡುವೆ ಮೊಳಕಾಲ್ಮೂರಿನ ಹುಡುಗಿಯೊಬ್ಬಳು ಹಾರಿ ಕಿತ್ತುಕೊಂಡಳು. ಆಟ ಮುಗಿದ ಸೀಟಿ ಕೇಳಿಸಿತು.

ನನ್ನ ತಲೆ ಕೆಟ್ಟುಹೋಯಿತು. ಎಲ್ಲರ ಎದುರಿಗೆ ಅವಳ ಮುಂದೆ ನಿಂತು ಕಿರುಚಿದೆ. "ಕಣ್ಣು ಕಾಣಲ್ವಾ ನಿಂಗೆ? ನಿನ್ನನ್ನ ತಂಡಕ್ಕೆ ಸೇರಿಸ್ಕಂಡಿದ್ದೇ ತಪ್ಪು. ಹೋಗು, ಕುರಿ ಹಿಂದೆ ಹೋಗು, ಅದೇ ಸರಿ ನಿಂಗೆ!"

ಸ್ವಪ್ನ ಈ ಸಲ ನಗಲಿಲ್ಲ. ಕಾಂಪೌಂಡಿನ ಕಡೆ ನೋಡಿದಳು. ಅಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬೊಮ್ಮಣ್ಣ ನಿಂತಿದ್ದರು. ಮಗಳ ಆಟವನ್ನು ಮೊದಲ ಸಲ ನೋಡಲು ಬಂದಿದ್ದರು. ಆಡಿದ ಮಾತು ಆಡಿಯಾಗಿತ್ತು.

ಮಾರನೆಯ ದಿನ ಸ್ವಪ್ನ ಮೈದಾನಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಉಳಿದ ನಾಲ್ವರು ಬಂದರು, ಆಡಿದರು, ಹೋದರು. ಯಾರೂ ನನ್ನ ಹೆಸರು ಹಿಡಿದು ಚೆಂಡು ಕೇಳಲಿಲ್ಲ. ನಾನು ಬೈದರೆ ಲಕ್ಷ್ಮೀದೇವಿಯೂ ತಿರುಗಿ ಬೈಯಲಿಲ್ಲ. ನಲ್ಲಿಯ ಹತ್ತಿರ ನನ್ನ ಬೊಗಸೆಗೆ ನಾನೇ ನೀರು ಹಾಕಿಕೊಳ್ಳಲು ನೋಡಿದೆ, ಒಂದೇ ಕೈಯಲ್ಲಿ ಬೊಗಸೆ ಆಗುವುದಿಲ್ಲ.

"ನಮಗೆ ಬೈದ್ರೆ ನಾವು ಬೈತೀವಿ. ಅವ್ಳು ಏನ್ ಮಾಡ್ಬೇಕೇ?" ಎಂದಳು ಲಕ್ಷ್ಮೀದೇವಿ, ಚೊಂಬು ಕೆಳಗಿಡುತ್ತ.

ನಮ್ಮ ಪಿಟಿ ಮೇಷ್ಟ್ರು ಸೋಮಶೇಖರಪ್ಪನವರು ಹೆಚ್ಚು ಮಾತಿನವರಲ್ಲ. "ಶನಿವಾರ ಮೊಳಕಾಲ್ಮೂರಿಗೆ ಹೋಗ್ಬೇಕು. ಅವ್ಳಿಲ್ದೆ ಹೋಗೋದು ಬ್ಯಾಡ. ಓಡ್ಸಿದೋಳು ನೀನು, ಕರ್ಕಂಬಾ" ಎಂದಷ್ಟೇ ಹೇಳಿದರು.

ಅವಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿರಲಿಲ್ಲ. ಮಂದೆ ನಮ್ಮ ಮೇಲಿನ ಹೊಲದಲ್ಲೇ ಇತ್ತು. ಸೈಕಲ್ ತುಳಿದುಕೊಂಡು ಹೋದೆ. ಹೊತ್ತು ಇಳಿಯುತ್ತಿತ್ತು, ಕುರಿಗಳು ಆಗತಾನೆ ಬಂದು ಬಲೆಯೊಳಗೆ ಸೇರುತ್ತಿದ್ದವು. ಸ್ವಪ್ನ ಸಡಿಲವಾದ ಗೂಟಕ್ಕೆ ಹಗ್ಗ ಬಿಗಿಯುತ್ತಿದ್ದಳು. ನನ್ನನ್ನು ಕಂಡು ಬೊಮ್ಮಣ್ಣ ಎದ್ದು ನಿಂತರು. ನಮ್ಮಪ್ಪನ ವಯಸ್ಸಿನವರು. ಮೂರು ದಿನದ ಹಿಂದೆ ನನ್ನ ಬಾಯಿಂದ ಆ ಮಾತು ಕೇಳಿಸಿಕೊಂಡವರು.

"ಬರ್ರವ್ವ, ಕೂತ್ಕಳ್ರಿ" ಎಂದು ಹೆಗಲ ಕಂಬಳಿಯನ್ನೇ ತೆಗೆದು ನನಗೆ ಹಾಸಿದರು. ನನಗೆ ಕೂರಲಾಗಲಿಲ್ಲ.

"ತಪ್ಪಾಯ್ತು ಸ್ವಪ್ನ. ಅವತ್ತು ಹಂಗೆ ಅನ್ನಬಾರದಿತ್ತು" ಎಂದೆ.

"ಅಯ್ಯ, ಇರ್ಲಿ ಬಿಡ್ರಿ ಐಶ್ವರ್ಯಕ್ಕ. ನೀವೇನು ಬೇಕಂತ ಅಂದ್ರಾ."

"ನಾಳೆ ಬರ್ತೀಯಾ?"

ಅವಳು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. "ನಿಮ್ ತಂಡಕ್ಕೆ ಬ್ಯಾರೆ ಯಾರ್ನಾದ್ರೂ ನೋಡ್ಕಳ್ರಿ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಕ್ಷಮೆಯನ್ನು ಅವಳು ಅದೇ ನಯವಾದ ದನಿಯಲ್ಲಿ ತೆಗೆದು ಪಕ್ಕಕ್ಕಿಟ್ಟಿದ್ದಳು. ಕ್ಷಮೆ ಕೇಳಲು ಹೋದವಳಿಗೆ ಮತ್ತೆ ಕೋಪ ಬಂತು, ಹೇಳಿದೆನಲ್ಲ, ನನ್ನ ಮೂಗು ಅಂಥದ್ದು.

"ಬೈಯೇ ನಂಗೆ! ಲಕ್ಷ್ಮೀದೇವಿ ಬೈಯಲ್ವಾ? ನಿಂಗೇನು ಬಾಯಿಲ್ವಾ?"

ಸ್ವಪ್ನ ತಲೆಯೆತ್ತಿ ನೋಡಿದಳು. "ಹೆಂಗ್ ಬೈಲ್ರಿ? ಮಂದೆ ನಿಮ್ ಹೊಲದಾಗೈತೆ."

ಅವಳು ನಿಧಾನವಾಗಿ, ಯಾವ ಸಿಟ್ಟೂ ಇಲ್ಲದೆ ಹೇಳಿದಳು. "ಅವತ್ತು ನಾನೇ ಹಾಕಬೋದಿತ್ರಿ. ಹಾಕಿ ಬೀಳ್ದಿದ್ರೆ? ನಿಮ್ ಕೈಯಾಗೆ ತಪ್ಪಿದ್ರೆ ಯಾರೂ ಕೇಳಲ್ಲ. ನನ್ ಕೈಯಾಗೆ ತಪ್ಪಿದ್ರೆ ನೀವು ಬೈತೀರಿ, ಬೈಸ್ಕಂಡು ನಾನು ನಗಬೇಕು. ಅದ್ಕೇ ಸಿಕ್ಕಿದ್ನೆಲ್ಲ ನಿಮಗೇ ಕೊಡ್ತೀನಿ."

ಎರಡು ವರ್ಷ ಅವಳು ಕೊಟ್ಟ ಪಾಸುಗಳೆಲ್ಲ ನನಗೆ ಒಂದೊಂದಾಗಿ ನೆನಪಾದವು. ನನಗೆ ನಾಚಿಕೆಯಾಯಿತು. ಬೊಮ್ಮಣ್ಣ ಅಷ್ಟು ದೂರದಲ್ಲಿ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದರು. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ. ನಾನು ಸೈಕಲ್ ಹತ್ತಿ ಮನೆಗೆ ಬಂದೆ.

ಗುರುವಾರ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಹೇಳಿದರು, "ಬೊಮ್ಮಣ್ಣ ಇವತ್ತು ಮಂದೆ ಎಬ್ಬಿಸ್ದ. ಕೆಳಗಿನ ಹೊಲಕ್ಕೆ ಈ ಸಲ ಬಿಡಲ್ವಂತೆ. ಪರಶುರಾಂಪುರದ ಕಡೆ ಹುಲಿಯಪ್ಪನ ಹೊಲಕ್ಕೆ ಹೋದ. ಎಂದೂ ಹಿಂಗೆ ಮಾಡಿದೋನಲ್ಲ, ನಾವೇನು ಅಂದ್ವೋ ಏನೋ."

ಅವ್ವ "ಯಾರಾದ್ರೂ ಏನಾದ್ರೂ ಅಂದಿರಬೇಕು" ಎಂದರು. ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆ. ನೀರು ಕುಡಿದು ಎದ್ದೆ. ಸ್ವಪ್ನ ಇನ್ನು ಬರುವುದಿಲ್ಲ, ನನ್ನಿಂದ ಅವರ ಮನೆಗೂ ನಮ್ಮ ಮನೆಗೂ ಇದ್ದ ನಂಟೇ ಹೋಯಿತು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ನಾವು ಐವರೂ ಮೇಷ್ಟ್ರೂ ಬಸ್ ಹತ್ತಿದೆವು. ಅವಳಿಲ್ಲದೆ ಹೋಗುವುದು ಬೇಡ ಎಂದಿದ್ದ ಮೇಷ್ಟ್ರು, ಅದೇಕೋ ಏನೂ ಹೇಳದೆ ಕಿಟಕಿಯ ಪಕ್ಕ ಕೂತಿದ್ದರು. ತಳಕಿನಲ್ಲಿ ಬಸ್ ನಿಂತಿತು. ಬೆನ್ನಿಗೆ ಬ್ಯಾಗು ಹಾಕಿಕೊಂಡು ಸ್ವಪ್ನ ಹತ್ತಿದಳು. ಲಕ್ಷ್ಮೀದೇವಿ ಸೀಟಿನಲ್ಲೇ ಎದ್ದು ಕುಣಿದಳು. ಸ್ವಪ್ನ ಸೀದಾ ಬಂದು ನನ್ನ ಪಕ್ಕ ಕೂತಳು.

"ಮಂದೆ..." ಎಂದು ನಾನೇ ಶುರು ಮಾಡಿದೆ.

"ಅಪ್ಪಂದೇ ಕೆಲ್ಸ" ಎಂದಳು, ಕಿಟಕಿಯಾಚೆ ನೋಡುತ್ತ. "ನೀನು ಹೋದ್ಮ್ಯಾಲೆ ಅಂದ, 'ಹೊಲ ಇನ್ನೊಂದು ಸಿಗತೈತೆ ಮಗಳೇ, ನೀನು ಹೋಗಿ ಆಡು' ಅಂತ."

ಅವಳು ನನಗೆ 'ನೀನು' ಅಂದಿದ್ದಳು. ಅದನ್ನು ಗಮನಿಸಿದೆನೆಂದು ತೋರಿಸಿಕೊಳ್ಳಬಾರದೆಂದು ನಾನು ದಾರಿಯ ಹಾನಗಲ್ ಬರುವವರೆಗೂ ಕಾಲಿನ ಬೂಟು ಬಿಚ್ಚಿ ಕಟ್ಟಿ ಮಾಡಿದೆ.

ಮೊಳಕಾಲ್ಮೂರಿನ ಮೈದಾನ ಗುಂಡುಕಲ್ಲಿನ ಬೆಟ್ಟದ ಬುಡದಲ್ಲಿತ್ತು. ಆ ಹುಡುಗಿಯರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ "ಇಟು, ಇಟು! ಈ ಕಡೆ ಬಾರೇ!" ಎಂದು ಕೂಗಿಕೊಂಡು ಚೆನ್ನಾಗಿ ಆಡುತ್ತಿದ್ದರು. ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ಯಾರಿಗೂ ಏನೂ ಅನ್ನುವುದಿಲ್ಲ ಎಂದು ಬಸ್ಸಿನಲ್ಲೇ ಶಪಥ ಮಾಡಿಯಾಗಿತ್ತು. ಅದರ ಫಲ, ಯಾರು ಎಲ್ಲಿ ನಿಲ್ಲಬೇಕೆಂದು ಯಾರಿಗೂ ತಿಳಿಯದೆ ನಾವು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಅರ್ಧ ಆಟಕ್ಕೆ ಎಂಟು ಪಾಯಿಂಟು ಹಿಂದೆ ಬಿದ್ದಿದ್ದೆವು.

ನೀರು ಕುಡಿಯುವಾಗ ಸ್ವಪ್ನ ನನ್ನ ಮುಂದೆ ಬಂದು ನಿಂತಳು. ಸೊಂಟದ ಮೇಲೆ ಕೈ ಇತ್ತು, ಥೇಟ್ ಲಕ್ಷ್ಮೀದೇವಿಯ ಹಾಗೆ.

"ಏನೇ ಐಶ್ವರ್ಯ, ನಾಲ್ಗೆ ಮನ್ಯಾಗಿಟ್ಟು ಬಂದೀಯಾ? ಕೂಗಿ ಹೇಳೋಳು ನೀನೇ ಸುಮ್ಕಿದ್ರೆ ನಾವ್ ಎಲ್ಲಿ ಓಡಾನ?"

ಉಳಿದವರು ನನ್ನ ಮುಖ ನೋಡಿದರು. ನನಗೆ ಕಣ್ಣು ತುಂಬಿ ಬಂತು. ಅಳುವವಳಲ್ಲ ನಾನು, ಅದಕ್ಕೇ ಕಿರುಚಿದೆ. "ನೀನು ಮೊದ್ಲು ಎಡಗಡೆ ಬಿಟ್ಟು ಬಾರೇ! ನನ್ ದಾರೀಗೇ ಅಡ್ಡ ನಿಂತಿರ್ತೀಯಾ!"

"ನೀನೇ ನನ್ ದಾರೀಗೆ ಬರೋದು!"

ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡು ಆ ಕಡೆ ತಿರುಗಿ ನಿಂತರು. ನಗುತ್ತಿದ್ದರೆಂದು ನನ್ನ ಅನುಮಾನ.

ಉಳಿದರ್ಧ ನಾವು ಜಗಳವಾಡುತ್ತಲೇ ಆಡಿದೆವು. ನಾನು ಅವಳಿಗೆ ಕೂಗಿದೆ, ಅವಳು ನನಗೆ ಕೂಗಿದಳು, ಲಕ್ಷ್ಮೀದೇವಿ ಇಬ್ಬರಿಗೂ ಕೂಗಿದಳು. ಚೆಂಡು ಕೈಯಿಂದ ಕೈಗೆ ಹೋಗತೊಡಗಿತು. ಎಂಟು ಆರಾಯಿತು, ಮೂರಾಯಿತು. ಕೊನೆಯ ನಿಮಿಷಕ್ಕೆ ಆ ದಿನದ ಆಟ ಸಮವಾಯಿತು. ಇನ್ನೊಂದು ಬಿದ್ದರೆ ಹಳೆಯ ಒಂದು ಪಾಯಿಂಟನ್ನೂ ತೀರಿಸಿ ಚಿತ್ರದುರ್ಗಕ್ಕೆ ನಾವೇ ಹೋಗಬಹುದಿತ್ತು.

ಚೆಂಡು ಸ್ವಪ್ನಳ ಕೈಗೆ ಬಂತು. ಬುಟ್ಟಿಯ ಹತ್ತಿರ ಅವಳು, ಎದುರಿಗೆ ಒಬ್ಬಳು ಕೈ ಚಾಚಿಕೊಂಡು ನಿಂತಿದ್ದಾಳೆ. ಬಲಗಡೆಯಿಂದ ನಾನು ಓಡಿ ಬಂದೆ. ನನ್ನ ಸುತ್ತ ಯಾರೂ ಇರಲಿಲ್ಲ. "ಕೊಡೇ!" ಎಂದು ಕಿರುಚಿದೆ.

ಅವಳು ನನ್ನ ಕಡೆ ಒಂದು ಸಲ ನೋಡಿದಳು. "ಕೊಡಲ್ಲ!" ಎಂದಳು. ಕುಪ್ಪಳಿಸಿ ತಾನೇ ಎಸೆದಳು.

ಚೆಂಡು ಬಳೆಯ ಮೇಲೆ ಎರಡು ಸುತ್ತು ಸುತ್ತಿ ಹೊರಗೆ ಬಿತ್ತು. ಆಟ ಮುಗಿದ ಸೀಟಿ ಕೇಳಿಸಿತು. ಮೊಳಕಾಲ್ಮೂರಿನವರು ಚಿತ್ರದುರ್ಗಕ್ಕೆ ಹೋದರು.

ಅಲ್ಲಿನ ನಲ್ಲಿಯ ಹತ್ತಿರ ನಾನು ಅವಳ ಮೇಲೆ ಬಿದ್ದೆ. "ನಂಗೆ ಕೊಟ್ಟಿದ್ರೆ ಗೆಲ್ತಿದ್ವಿ!"

"ನಿಂಗೆ ಕೊಟ್ಟಿದ್ರೆ ಬೋರ್ಡಿಗೂ ತಾಕ್ತಿರ್ಲಿಲ್ಲ!" ಎಂದು ಅವಳು ಚೊಂಬು ತುಂಬಿಕೊಂಡಳು. "ಕೈ ಹಿಡಿ, ನೀರು ಹಾಕ್ತೀನಿ."

ಬಸ್ಸಿನಲ್ಲಿ ತಳಕಿನವರೆಗೂ ಜಗಳವಾಡಿದೆವು. ಕಂಡಕ್ಟರ್ ಎರಡು ಸಲ "ಸುಮ್ನಿರ್ರವ್ವ" ಎಂದ. ಚಿತ್ರದುರ್ಗ ತಪ್ಪಿದ್ದಕ್ಕೆ ನನಗೆ ದುಃಖವಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಅಷ್ಟು ಹಗುರಾಗಿ ನಾನು ಯಾವ ಆಟ ಮುಗಿಸಿಯೂ ಮನೆಗೆ ಹೋಗಿರಲಿಲ್ಲ. ಅಪ್ಪನಿಗೆ ಆವತ್ತೇ ನಡೆದದ್ದನ್ನೆಲ್ಲ ಹೇಳಿದೆ. ಅವರು "ಬೊಮ್ಮಣ್ಣ ಸರಿಯಾಗೇ ಮಾಡಿದಾನೆ" ಎಂದರು. ಆ ವರ್ಷ ನಮ್ಮ ಕೆಳಗಿನ ಹೊಲಕ್ಕೆ ಮಂದೆಯ ಗೊಬ್ಬರ ಬೀಳಲಿಲ್ಲ.

ಸೋಮವಾರ ಐದಕ್ಕೆ ಸುಮ್ಮನೆ ಮೈದಾನದ ಕಡೆ ಹೋದೆ. ಇನ್ನು ಯಾವ ಪಂದ್ಯವೂ ಇರಲಿಲ್ಲ, ಯಾರೂ ಇರುವುದಿಲ್ಲ ಎಂದುಕೊಂಡಿದ್ದೆ. ಬುಟ್ಟಿಯ ಕೆಳಗೆ ಸ್ವಪ್ನ ಒಬ್ಬಳೇ ನಿಂತು ಶನಿವಾರ ತಪ್ಪಿದ ಅದೇ ಜಾಗದಿಂದ ಚೆಂಡು ಎಸೆಯುತ್ತಿದ್ದಳು. ಒಂದು ಬಿತ್ತು, ಇನ್ನೊಂದೂ ಬಿತ್ತು.

ನಾನು ಚಪ್ಪಲಿ ಕಳಚಿ ಒಳಗೆ ಹೋದೆ. "ಕೊಡೇ" ಎಂದೆ.

ಅವಳು ಚೆಂಡನ್ನು ಎದೆಗೆ ಅವಚಿಕೊಂಡು ನಕ್ಕಳು. "ಬಂದು ಕಿತ್ಕ."