ಮೋಸಂಬಿ ಸಿಪ್ಪೆಗೆ ಸುಣ್ಣದ ತಿಳಿ

ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕ ನನ್ನದು ಮೋಸಂಬಿ ಜ್ಯೂಸಿನ ಅಂಗಡಿ. ರಸ ನಾನು ಮಾರುತ್ತೇನೆ, ಸಿಪ್ಪೆಯನ್ನು ತಂಗಿ ಸಂಘಮಿತ್ರಾ ತರಿಸಿಕೊಳ್ಳುತ್ತಾಳೆ. ಆಹಾರ ವಿಜ್ಞಾನ ಓದಿದವಳು. ಸಿಪ್ಪೆಯ ನಾರನ್ನು ತೊಳೆದು, ಒಣಗಿಸಿ, ಹಿಟ್ಟು ಮಾಡಿ ಬನ್ನಿಗೆ ಬೆರೆಸಿದರೆ ಹೊಟ್ಟೆಗೂ ಒಳ್ಳೆಯದು, ಬನ್ನೂ ಮೆತ್ತಗಿರುತ್ತದೆ ಎನ್ನುತ್ತಾಳೆ. ಸಂಬಳದ ಕೆಲಸ ಬಿಟ್ಟು ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಶೆಡ್ ಹಿಡಿದಾಗ ಮೊದಲು ನಕ್ಕವನು ನಾನೇ. ದನ ತಿನ್ನುವುದನ್ನು ಜನರಿಗೆ ತಿನ್ನಿಸಲು ಇಷ್ಟು ಓದಬೇಕಿತ್ತೇ ಎಂದಿದ್ದೆ.

ಕೊಟ್ಟೂರಿನ ಬೇಕರಿ ಮಾಲೀಕ ಪಾಲಾಕ್ಷಪ್ಪ ಎರಡು ಸಲ ಅವಳ ಹಿಟ್ಟನ್ನು ವಾಪಸ್ ಕಳಿಸಿದ್ದರು. ಮೊದಲನೆಯದು ಬೇವಿನಷ್ಟು ಕಹಿ. ಕಹಿ ಹೋಗಲೆಂದು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಸಿಪ್ಪೆ ಲೋಳೆಯಾಗಿ, ಹಿಂಡಲು ಬರದೆ, ಒಣಗುವ ಮೊದಲೇ ಹುಳಿ ಬಂತು. ಮೂರನೆಯದೂ ಕೆಟ್ಟರೆ ಮತ್ತೆ ತರಬೇಡ ಎಂದಿದ್ದರು. ಬೇರೆ ಯಾರೂ ಕೇಳುವವರಿರಲಿಲ್ಲ. ಶೆಡ್ ಮುಚ್ಚುವುದೊಂದೇ ಬಾಕಿ.

ಬುಧವಾರ ಸಿಪ್ಪೆ ಇಳಿಸಲು ಹೋದಾಗ ಮತ್ತೆ ಅದೇ ಲೋಳೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಹನಿ ನೀರೂ ಇಳಿಯದು. ತಂಗಿಯ ಕಣ್ಣು ತುಂಬಿತ್ತು. ನಮ್ಮವ್ವ ದುರುಗಮ್ಮ ಬಾಗಿಲ ಹೊರಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಎಲೆಅಡಿಕೆ ಒಳಗೆ ತರಬಾರದೆಂದು ಮಗಳೇ ಬೋರ್ಡು ಹಾಕಿದ್ದಳು.

“ಈ ಸುಣ್ಣದ ತಿಳಿನೀರು ಹಾಕಿ ನೋಡವಾ,” ಎಂದಳು ಅವ್ವ. “ಕುಂಬಳಕಾಯಿ ಮಿಠಾಯಿ ಮಾಡೋರ ಮನಿಯಾಗ ದುಡದೀನಿ. ತಿಳಿಯಾಗ ನೆನೆದ ಹೋಳು ಎಷ್ಟು ಕುದಿಸಿದ್ರೂ ಕರಗಂಗಿಲ್ಲ.”

“ಇದು ಮಿಠಾಯಿ ಅಲ್ಲಬೇ,” ಎಂದೆ, ದೊಡ್ಡ ಪಂಡಿತನ ಹಾಗೆ.

“ಸುಮ್ಕಿರಣ್ಣಾ,” ಎಂದಳು ತಂಗಿ. ಅವಳ ಮುಖ ಬದಲಾಗಿತ್ತು. “ಅವ್ವ ಹೇಳೋದು ಖರೇ ಐತಿ. ಸುಣ್ಣ ಬಿದ್ರ ಲೋಳಿ ಗಟ್ಟಿ ಆಗ್ತೈತಿ. ನಾನೂ ಓದಿದ್ದೆ, ನೆನಪಿಗೆ ಬರಲಿಲ್ಲ.”

ಸುಣ್ಣ ಕದಡಿ, ಮೇಲೆ ನಿಂತ ತಿಳಿನೀರನ್ನು ಸಿಪ್ಪೆಗೆ ಬೆರೆಸಿ ಅರ್ಧ ಗಂಟೆ ಬಿಟ್ಟರು. ಅವ್ವ ಬಾಯಿ ತೊಳೆದು ಬಂದು ತಾನೇ ಹಿಂಡಿದಳು. ಹಳದಿ ಕಹಿನೀರು ಧಾರೆಯಾಗಿ ಸುರಿಯಿತು. ಬಟ್ಟೆಯಲ್ಲಿ ಉಳಿದದ್ದು ನೆನೆದ ಅವಲಕ್ಕಿಯಂತೆ ಉದುರು ಉದುರು. ಸುಣ್ಣ ಹೋಗುವ ತನಕ ತೊಳೆದು ಹರವಿದರು. ನಮ್ಮ ಕಡೆಯ ಬಿಸಿಲಿಗೆ ಎರಡೇ ದಿನ ಸಾಕಾಯಿತು.

ಶನಿವಾರ ಪಾಲಾಕ್ಷಪ್ಪ ಆ ಹಿಟ್ಟಿನ ಬನ್ ಮುರಿದು ಬಾಯಿಗಿಟ್ಟರು. ಅಗಿದರು. ಇನ್ನೊಂದು ತುಂಡು ಮುರಿದರು. ಬನ್ ಪೂರ್ತಿ ಮುಗಿಸಿದರು.

ಅವರು ಕೈ ಒರೆಸಿಕೊಂಡು, “ವಾರ ವಾರ ಕೊಡಾಕ ಆಗ್ತೈತೇನವಾ? ಕಹಿ ಹೆಂಗ ತೆಗೆದಿ?” ಎಂದರು.

“ಕೊಡ್ತೀನ್ರಿ. ಕಹಿ ತೆಗೆದಾಕಿ ನಮ್ಮವ್ವ,” ಎಂದಳು ಸಂಘಮಿತ್ರಾ. ನನಗಾದ ಖುಷಿಗೆ ಬೇಕರಿಯವರಿಗೆಲ್ಲ ಜ್ಯೂಸ್ ಕುಡಿಸುತ್ತೇನೆಂದು ಹೇಳಿಬಿಟ್ಟೆ.

ಸೋಮವಾರ ತಂಗಿ ಬಾಗಿಲ ಬೋರ್ಡು ಇಳಿಸಲು ಹೋದಳು. ಅವ್ವ ಬಿಡಲಿಲ್ಲ.

“ಇರ್ಲಿ ಬಿಡು. ತಿನ್ನೋದು ಮಾಡೋ ಜಾಗ ಇದು,” ಎಂದು ಎಲೆಚೀಲವನ್ನು ಹೊರಗಿನ ಮೊಳೆಗೆ ಹಾಕಿ, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ನಡೆದಳು. ಮೂಟೆ ಹೊತ್ತು ನಿಂತಿದ್ದ ನನ್ನನ್ನು ತಿರುಗಿ ನೋಡಿದಳು.

“ಹಗುರಕ ಇಳಸಲೇ ಮಾರೇಶಾ. ದನಕ್ಕಲ್ಲ, ಜನ ತಿನ್ನೋದೈತಿ.”